ಅಜ್ಜಿಯ ಕೈತೂಕ

12 ನವೆಂಬರ್ 2024

ಮತ್ತೆ ಲ್ಯಾಬ್. ನೆಲಮಂಗಲದ ನಮ್ಮ ಕಾಲೇಜಿನ ಕಂಪ್ಯೂಟರ್‌ಗಳು ದೊಡ್ಡ ಸಾಫ್ಟ್‌ವೇರ್ ಹಾಕಿದರೆ ಮಲಗಿಬಿಡುತ್ತವೆ. ಅದಕ್ಕೇ ನಾನು ಬರೆದ ಪುಟ್ಟ ಟೂಲ್. ಕಪ್ಪು ಪರದೆ, ಒಂದೇ ಸಾಲಿನ ಕಮಾಂಡ್. ಎರಡು ಕಾಲಂ ಅಂಕಿ ಕೊಟ್ಟರೆ, ಅವು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಕೋರಿಲೇಷನ್, ಒಂದಕ್ಕೆ ಇನ್ನೊಂದು ಎಷ್ಟು ಅನ್ನುವ ರಿಗ್ರೆಷನ್ ಗೆರೆ, ಎರಡೂ ಬರುತ್ತವೆ. ಸ್ಟೂಡೆಂಟ್ಸ್‌ಗೆ ತೋರಿಸಲು ಪುಸ್ತಕದ ಲೆಕ್ಕ ಬೇಡ. ಮನೆಯದೇ ಅಂಕಿ ಯಾವುದಾದರೂ...

14 ನವೆಂಬರ್, ಬೆಳಿಗ್ಗೆ 6

ಟ್ರಂಕಿನಲ್ಲಿ ಸಿಕ್ಕಿತು! ಐದನೇ ಕ್ಲಾಸಿನ ನೋಟ್‌ಬುಕ್. ಮುತ್ತಮ್ಮಜ್ಜಿ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಚಕ್ಕೋತ ಮಾರುತ್ತಿದ್ದ ಕಾಲ. ದಸರಾ ರಜೆ ಪೂರ್ತಿ ಅವಳ ಪಕ್ಕದಲ್ಲೇ ಇರುತ್ತಿದ್ದೆ. ಹಣ್ಣನ್ನು ಅಂಗೈಯಲ್ಲಿ ಎರಡು ಸಲ ಕುಲುಕಿ "ಏಳ್ನೂರು ಗ್ರಾಂ" ಅನ್ನುತ್ತಿದ್ದಳು. ನಾನು ಪಕ್ಕದ ಸೊಪ್ಪಿನವರ ತಕ್ಕಡಿಗೆ ಹಾಕುತ್ತಿದ್ದೆ. ನೋಟ್‌ಬುಕ್‌ನಲ್ಲಿ ಎಡಗಡೆ ತಕ್ಕಡಿ ತೂಕ, ಬಲಗಡೆ ಅಜ್ಜಿ ಹೇಳಿದ್ದು. ಮೂವತ್ತೆರಡು ಹಣ್ಣು. ಮೂವತ್ತೆರಡಕ್ಕೂ ನನ್ನ ಕೆಂಪು ಇಂಟು ಮಾರ್ಕು. ಎಲ್ಲವೂ ಕಮ್ಮಿ.

ರಜೆಯ ಕೊನೆಯ ದಿನ ಗಿರಾಕಿಗಳ ಮುಂದೆ ಕೂಗಿದ್ದೆ — "ಅಜ್ಜಿ ಸುಳ್ ತೂಕ ಹೇಳ್ತಾಳೆ!" ಎಲ್ಲರೂ ನಕ್ಕರು. ಅವತ್ತಿನಿಂದ ಅವಳು ಕೈಯಲ್ಲಿ ತೂಗಲೇ ಇಲ್ಲ. ಎಂಥ ಅಧಿಕಪ್ರಸಂಗಿ ನಾನು! ಇವತ್ತಿಗೂ ಚುಚ್ಚುತ್ತದೆ.

ಅದೇ ದಿನ, ಮಧ್ಯಾಹ್ನ

ಟೂಲ್‌ಗೆ ಕೊಟ್ಟೆ. ಕೋರಿಲೇಷನ್ 0.98. ಪೂರ್ತಿ ಹೊಂದಿದರೆ 1. ಅಯ್ಯೋ! ಸುಮ್ಮನೆ ಬಾಯಿಗೆ ಬಂದದ್ದು ಹೇಳಿದರೆ ಇಷ್ಟು ಬರುವುದಿಲ್ಲ. ಆದರೆ ಗೆರೆಯ ಸ್ಲೋಪ್, ಅಂದರೆ ಏರಿಕೆ, 0.63. ಕಿಲೋ ತೂಗುವ ಹಣ್ಣಿಗೆ ಆರುನೂರ ಮೂವತ್ತರ ಆಸುಪಾಸು, ಪ್ರತಿ ಸಲವೂ. ತಪ್ಪು ಹೇಳುತ್ತಿರಲಿಲ್ಲ. ಬೇರೆ ಏನನ್ನೋ ತೂಗುತ್ತಿದ್ದಳು. ಏನನ್ನು?

23 ನವೆಂಬರ್

ಒಂಬತ್ತು ದಿನ ಅದೇ ತಲೆಯಲ್ಲಿ. ಇವತ್ತು ಒಂದು ಚಕ್ಕೋತ ಕೊಂಡೆ. 1150 ಗ್ರಾಂ. ಸುಲಿದೆ. ಬೆರಳು ದಪ್ಪದ ಸಿಪ್ಪೆ. ತೊಳೆ ಮಾತ್ರ ತೂಗಿದೆ — 720. ಭಾಗಿಸಿದರೆ ಅದೇ 0.63!

ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ನಾಳೆ ಮೊದಲ ಬಸ್ಸಿಗೇ ದೇವನಹಳ್ಳಿ.

24 ನವೆಂಬರ್, ಚಿಕ್ಕಪ್ಪನ ಮನೆ

ಅಜ್ಜಿಗೆ ಎಂಬತ್ತಾರು. ಕಣ್ಣು ಮಂಜು. ಕೈಗೆ ಹೊಸದೊಂದು ಚಕ್ಕೋತ ಇಟ್ಟೆ. ಎರಡು ಸಲ ಕುಲುಕಿದಳು.

"ಆರ್ನೂರೈವತ್ತು. ಸಿಪ್ಪೆ ಸೇರ್ಸಿ ಹೇಳ್ಬೇಕೇನವ್ವ, ಮೇಡಂ ಲೆಕ್ಕಕ್ಕೆ?"

"ಅಜ್ಜಿ! ಅವತ್ತೇ ಯಾಕ್ ಹೇಳ್ಲಿಲ್ಲ?"

"ಅಷ್ಟ್ ಜನ ನಿಂತಿದ್ರು. ಹೇಳಿದ್ರೆ ನಿನ್ನ ನೋಡ್ಕೊಂಡ್ ನಗ್ತಿದ್ರು. ನೀನಿನ್ನೂ ಚಿಕ್ಕೋಳು ಕಣೇ ಪ್ರಮೋದಾ."

ತೂಗಿ ನೋಡಲೆಂದು ತಂದಿದ್ದ ತಕ್ಕಡಿ ಬ್ಯಾಗಿನಲ್ಲೇ ಉಳಿಯಿತು. ಹಣ್ಣು ಸುಲಿದು, ತೊಳೆ ಬಿಡಿಸಿ ಅವಳ ಬಾಯಿಗಿಟ್ಟೆ. "ಹುಳಿ" ಅಂದಳು.

ನೋಟ್‌ಬುಕ್ ತಂದಿದ್ದೇನೆ. ಕೆಂಪು ಪೆನ್ನೂ ಇದೆ. ಒಂದೊಂದಾಗಿ ರೈಟ್ ಮಾರ್ಕು ಹಾಕುತ್ತಿದ್ದೇನೆ. ಹನ್ನೊಂದರ ತನಕ ಬಂದೆ. ಅಜ್ಜಿ ಕರೆಯುತ್ತಿದ್ದಾಳೆ, ಇನ್ನೊಂದು ತೊಳೆ...