ಫೋನ್ ಮಾಡದೆ ಹೋದ ದಿನದ ಗಾಳಿ

ಸೋಮವಾರ, ಮಾರ್ಚ್ 3

ಮತ್ತೆ ಚೆಷೈರ್, ಇಂಗ್ಲಿಷರ ಹಾಲಿನ ನಾಡು. ಅದೇ ದೊಡ್ಡ ಡೈರಿ. ಸಾವಿರಾರು ಹಸು, ಕೆರೆಯಷ್ಟು ದೊಡ್ಡ ಸಗಣಿ ಹೊಂಡ. ಹೊಂಡದ ಮೇಲಿಂದ ಗಾಳಿ ಬೀಸಿ ಬರುವ ಕಡೆ ರಸ್ತೆಯಲ್ಲಿ ವ್ಯಾನ್ ನಿಲ್ಲಿಸಿ, ಸಗಣಿಯಿಂದೇಳುವ ಮೀಥೇನ್ ಅನಿಲ ಅಳೆದೆ. ಮೇಲೆ ವಿಮಾನದಲ್ಲಿ ಸಹೋದ್ಯೋಗಿ ಅಭಿಜಿತ್ ಅಳೆದ. ಎರಡೂ ಅಂಕಿ ಕಡಿಮೆ. ಡೈರಿಯ ಮ್ಯಾನೇಜರ್ ಚಹಾ ಕೊಟ್ಟ. ಹೊಂಡ ಕೆನೆಗಟ್ಟಿ ಮಲಗಿತ್ತು.

ಬುಧವಾರ, 5

ಉಪಗ್ರಹದ ಚಿತ್ರ ಬಂತು. ಫೆಬ್ರವರಿಯ ಒಂದು ಮೋಡವಿಲ್ಲದ ದಿನದ್ದು. ಡೈರಿಯ ಮೇಲೆ ಮೀಥೇನಿನ ದಟ್ಟ ಮಚ್ಚೆ. ಬಾಸ್ ಹೆಲೆನ್ ಪ್ರಕಾರ ಉಪಗ್ರಹದ ತಪ್ಪು.

ಅಲ್ಲ. ತಪ್ಪು ನಮ್ಮದು. ಪ್ರತಿ ಸಲ ಹಿಂದಿನ ದಿನವೇ ಡೈರಿಗೆ ಫೋನ್ ಮಾಡುತ್ತೇವೆ — ಸೌಜನ್ಯವಂತೆ. ಉಪಗ್ರಹ ಫೋನ್ ಮಾಡುವುದಿಲ್ಲ. ಹೊಂಡ ಕಲಕಿದಾಗ ಅನಿಲ ಭುಗ್ಗನೆ ಏಳುತ್ತದೆ. ನಾವು ಬರುವ ದಿನ ಕಲಕುವುದೇ ಇಲ್ಲವೇನೋ...

ಊರಲ್ಲಿ ಅವ್ವ ಗೌಡರ ಅಂಗಳದಾಚೆ ನಿಂತು ಕೂಗಬೇಕಿತ್ತು. ಬಾ ಅಂದರೆ ಕಾಲಿಡಬೇಕು. ಅದರ ವಿರುದ್ಧ ಬೀದಿಯಲ್ಲಿ ಘೋಷಣೆ ಕೂಗಿ ಬೆಳೆದವಳು ನಾನು. ಇಲ್ಲಿ ಅದಕ್ಕೇ ಪ್ರೋಟೋಕಾಲ್ ಅಂತ ಹೆಸರಿಟ್ಟು ತಲೆಬಾಗಿದ್ದೇನೆ. ಸಾಕು.

ಸೋಮವಾರ, 10

ಹೇಳದೆ ಹೋದೆ. ಹೊಂಡದಲ್ಲಿ ಸಗಣಿ ಕಲಕುವ ಮಿಕ್ಸರ್ ತಿರುಗುತ್ತಿತ್ತು. ಅಂಕಿ ನಾಲ್ಕು ಪಟ್ಟು.

ಸಂಜೆ ವಿದನ್‌ಶಾದಲ್ಲಿ ಅಭಿಜಿತ್‌ನ ಮನೆ. ಉಡುಪಿಯವನು, ನೀರುದೋಸೆ ಹುಯ್ಯುತ್ತಿದ್ದ.

"ಫೋನೇ ಮಾಡದೆ ಹೋದ್ಯಾ ಮಾರಾಯ್ತಿ? ಕಂಪ್ಲೇಂಟ್ ಬರ್ತದೆ."

"ಬರ್ಲಿ. ನಿಂತಿದ್ದು ರೋಡಲ್ಲಿ. ಕೌನ್ಸಿಲ್ ಟ್ಯಾಕ್ಸ್ ನಾನೂ ಕಟ್ತೀನಿ."

"ನಿನ್ನ ಕ್ರಾಂತಿಯಲ್ಲಿ ನನ್ನ ಮನೆ ಮಾರ್ಟ್‌ಗೇಜ್ ಮುಳುಗ್ತದೆ, ನೋಡು."

ಆದರೂ ಅಂಕಿಯನ್ನು ಎರಡು ಸಲ ನೋಡಿದ. ದೋಸೆ ಸೀದುಹೋಯಿತು.

ಗುರುವಾರ, 13

ಕಂಪ್ಲೇಂಟ್ ಬಂತು. ಒಂದೇ ವ್ಯಾನಿನ ಅಂಕಿ ವರದಿಗೆ ಸಾಲದು ಎಂದಳು ಹೆಲೆನ್. ವಿಮಾನವೂ ಅದನ್ನೇ ತೋರಿಸಿದರೆ ಹಾಕುತ್ತಾಳಂತೆ. ಮುಂದಿನ ಶುಕ್ರವಾರ ವರದಿ ಸರ್ಕಾರಕ್ಕೆ. ಇಂಥ ಡೈರಿಗಳ ಮೀಥೇನ್ ಲೆಕ್ಕವೆಲ್ಲ ಅದರ ಮೇಲೇ ನಿಲ್ಲುತ್ತದೆ. ಸುಳ್ಳಿನ ಕೆಳಗೆ ನನ್ನ ಹೆಸರು ಬೀಳುವುದಿಲ್ಲ, ಕೆಲಸ ಹೋದರೂ.

ಮೀಟಿಂಗ್ ಮುಗಿದ ಮೇಲೆ ಅಭಿಜಿತ್ ಕಾರ್ ಪಾರ್ಕಿಗೆ ನನ್ನ ಹಿಂದೆಯೇ ಬಂದ.

"ಮಂಗಳವಾರ ಆಕಾಶ ಕ್ಲಿಯರ್ ಉಂಟು. ಡೈರಿಗೆ ಯಾರೂ ಫೋನ್ ಮಾಡುದು ಬೇಡ."

ಮಂಗಳವಾರ, 18 — ವ್ಯಾನಿನಲ್ಲಿ

ಮಿಕ್ಸರ್ ಜೋರಾಗಿ ತಿರುಗುತ್ತಿದೆ. ವ್ಯಾನಿನ ಅಂಕಿ ಏರುತ್ತಿದೆ. ವಿಮಾನ ಎರಡನೇ ಸುತ್ತು. ರೇಡಿಯೋದಲ್ಲಿ ಅಭಿಜಿತ್ — "ನಂಗೂ ಸಿಕ್ತು."

ಮ್ಯಾನೇಜರ್ ಓಡಿ ಬರುತ್ತಿದ್ದಾನೆ. ಮಿಕ್ಸರ್ ನಿಲ್ಲಿಸಲು ಕೈ ಬೀಸುತ್ತಿದ್ದಾನೆ. ಅದು ನಿಂತರೂ ಎದ್ದ ಅನಿಲ ಹೊಂಡಕ್ಕೆ ಹಿಂದಿರುಗುವುದಿಲ್ಲ. ಈಗ ಕಿಟಕಿ ಗಾಜು ಬಡಿಯುತ್ತಿದ್ದಾನೆ. ಬಡಿಯಲಿ. ಅಳತೆ ಮುಗಿಯುವವರೆಗೆ ನಾನು ಗಾಜು ಇಳಿಸುವುದಿಲ್ಲ.