ಸಂಬಂಧಪಟ್ಟ ಅನುಭವ

ಭಾನುವಾರ, ಮಾರ್ಚ್ ೧೪

ಮುದ್ದಿನ ಮರೀ,

ಹೇಗಿದ್ದೀಯಾ? ನೆಗಡಿ ಬಿಟ್ಟಿತಾ? ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರಕ್ಕೆ ಈಗ ಕೂತಿದ್ದೇನೆ. ಮುಖ ಊದಿಸಿಕೊಂಡಿದ್ದರೆ ಇಳಿಸು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಮ್ಮ ಫೋನು ನಿನಗೆ ಗೊತ್ತಲ್ಲ. ನೀನು ಕೇಳುವುದು ಒಂದು, ನಾನು ಹೇಳುವುದು ಇನ್ನೊಂದು, ನಡುವೆ ನಿಮ್ಮಪ್ಪ ಬಂದು "ಊಟ ಆಯ್ತಾ ಕೇಳು" ಅನ್ನುವುದು ಮತ್ತೊಂದು. ಅದೂ ಅಲ್ಲದೆ, ಫಲಿತಾಂಶ ಬರಲಿ, ಬಂದಮೇಲೆ ಎಲ್ಲ ಒಟ್ಟಿಗೆ ಬರೆಯೋಣ ಅಂತ ಕಾದೆ.

ಬಂತು. ಸೀಟು ಸಿಕ್ಕಿದೆ. ನಿಮ್ಮಮ್ಮ ನಲವತ್ತಾರನೇ ವಯಸ್ಸಿನಲ್ಲಿ ಮಾತು ಮತ್ತು ಭಾಷಾ ಚಿಕಿತ್ಸೆಯ ಪದವಿಗೆ ಸೇರುತ್ತಿದ್ದಾಳೆ. ಸುದ್ದಿ ಕೇಳಿದಾಗಿನಿಂದ ನಿಮ್ಮಪ್ಪ ಅಡುಗೆ ಕಲಿಯುತ್ತಿದ್ದಾರೆ. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಇಬ್ಬರೂ ಗೊಣಗದೆ ಉಣ್ಣುತ್ತಿದ್ದೇವೆ.

ಅರ್ಜಿಯಲ್ಲಿ 'ಸಂಬಂಧಪಟ್ಟ ಅನುಭವ' ಅನ್ನುವ ಜಾಗದಲ್ಲಿ ಏನು ಬರೆದೆ ಅಂತ ಕೇಳಿದ್ದೀಯಾ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳಿಗೆ ಅದೆಂಥ ಅನುಭವ ಅಂತ ನಿನ್ನ ಗೆಳತಿಯರು ನಕ್ಕಿರಬೇಕು. ನಾನೂ ಮೊದಲು ಆ ಖಾಲಿ ಜಾಗ ನೋಡಿ ತಲೆ ಕೆರೆದುಕೊಂಡೆ. ದಿನವಿಡೀ ಮಾತಾಡುವ ಕೆಲಸ, ಅದೇ ಅನುಭವ ಅಂತ ಬರೆದುಬಿಡೋಣ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅದೇ ನನ್ನ ದೊಡ್ಡ ರೋಗ ಅಂತ. ಕಿಟಕಿಯ ಆ ಕಡೆ ಯಾರೋ "ಅಮ್ಮಾ, ಈ..." ಅನ್ನುವಷ್ಟರಲ್ಲಿ ನಾನು "ಮೂರನೇ ಪ್ಲಾಟ್‌ಫಾರ್ಮ್, ಹೊರಡೋಕೆ ಇನ್ನೂ ಟೈಮಿದೆ" ಅಂದಾಗಿರುತ್ತದೆ. ಅವರ ಚೀಲ ನೋಡಿ, ಮುಖ ನೋಡಿ, ಎಲ್ಲಿಗೆ ಹೋಗುವವರು ಅಂತ ಹೇಳಿಬಿಡುತ್ತಿದ್ದೆ. ಹಿಂದೆ ಸಾಲು ನಿಂತಿರುವಾಗ ಅದು ಒಳ್ಳೆಯ ಗುಣ. ಸಾಲಿಲ್ಲದ ಕಡೆ ಅದು ಎಂಥ ಗುಣ ಅಂತ ಆಸ್ಪತ್ರೆಗೆ ಹೋದಮೇಲೆ ಗೊತ್ತಾಯಿತು.

ಕಳೆದ ವರ್ಷ ರಜಾ ದಿನಗಳಲ್ಲಿ ಆಸ್ಪತ್ರೆಗೆ ಸಹಾಯಕ್ಕೆ ಹೋಗುತ್ತಿದ್ದೇನೆ ಅಂತ ಹೇಳಿದ್ದೆನಲ್ಲ. ಅಲ್ಲಿ ವ್ಯಾಯಾಮ ಮಾಡಿಸುವ ಹಾಲ್‌ನ ತುದಿಗೆ ಮಾತಿನ ಚಿಕಿತ್ಸೆಯ ಒಂದು ಸಣ್ಣ ಕೋಣೆ. ಒಂದು ಮೇಜು, ಗೋಡೆಗೊಂದು ಕನ್ನಡಿ, ಅಂಚು ಸವೆದ ಚಿತ್ರದ ಕಾರ್ಡುಗಳು. ಚಿಕಿತ್ಸೆ ಶುರುವಾಗುವ ಮೊದಲು ಫ್ಯಾನ್ ಆರಿಸಬೇಕು, ಅದು ನನ್ನ ಮೊದಲ ಕೆಲಸ. ಮಾತು ಹುಡುಕುತ್ತಿರುವವರಿಗೆ ಫ್ಯಾನಿನ ಗಿರಿಗಿರಿ ಕೂಡ ಅಡ್ಡ ಬರುತ್ತದಂತೆ. ಅಲ್ಲಿನ ಚಿಕಿತ್ಸಕಿ ನನಗಿಂತ ತುಂಬಾ ಚಿಕ್ಕವರು. ಮೇಡಂ ಅಂತ ಕರೆಯುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ಮೊದಲ ದಿನವೇ ಹೇಳಿದರು, "ಅಕ್ಕಾ, ನಿಮಗೆ ಒಂದೇ ನಿಯಮ. ರೋಗಿಗಳ ಮಾತು ನೀವು ಆಡಬಾರದು. ಗೊತ್ತಿದ್ರೂ ಆಡಬಾರದು."

ಇದನ್ನು ಕೇಳಿ ನಿಮ್ಮಪ್ಪ ಬಿದ್ದೂ ಬಿದ್ದೂ ನಕ್ಕರು. "ಹೋಗಿ ಹೋಗಿ ನಿನಗೆ ಹೇಳಿದ್ರಲ್ಲ," ಅಂದರು.

ಅಲ್ಲಿಗೆ ಒಬ್ಬರು ಟೈಲರ್ ಬರುತ್ತಿದ್ದರು. ಎತ್ತರದ ಆಳು, ಅಂಗಿಯ ಕಾಲರ್ ಗುಂಡಿ ಸದಾ ಹಾಕಿರಬೇಕು. ಪಾರ್ಶ್ವವಾಯು ಹೊಡೆದು ಬಲಗೈ ಮಡಿಲಲ್ಲಿ ಬಿದ್ದಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಪದ. ಮೊದಲ ದಿನ ನಾನು "ಚಹಾ ಕುಡೀತೀರಾ?" ಅಂದೆ. "ಆಯ್ತು." "ಕಿಟಕಿ ಮುಚ್ಚಲಾ?" "ಆಯ್ತು." ಪರವಾಗಿಲ್ಲ, ಸುಲಭದ ಮನುಷ್ಯ ಅಂದುಕೊಂಡೆ. "ನಿಮ್ಮ ಹೆಸರೇನು?" ಅಂತ ಕೇಳಿದೆ. "ಆಯ್ತು" ಅಂದರು. ಅಂದಮೇಲೆ ತಮ್ಮ ಬಾಯಿಂದ ಏನು ಬಂತು ಅಂತ ಅವರಿಗೇ ಕೇಳಿಸಿತು. ಕಣ್ಣು ಮುಚ್ಚಿಕೊಂಡರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಮೇಡಂ ಆಮೇಲೆ ಬಿಡಿಸಿ ಹೇಳಿದರು. "ಅವರ ತಲೆಯೊಳಗೆ ಏನು ಹೇಳಬೇಕು ಅನ್ನೋದು ಸರಿಯಾಗೇ ಇದೆ. ಬಾಯಿಗೆ ಬರೋ ಹೊತ್ತಿಗೆ ಬೇರೆ ಪದ ಯಾವುದೂ ಸಿಗ್ತಿಲ್ಲ. ಬೇಕು ಅನ್ನೋಕೂ ಅದೇ, ಬೇಡ ಅನ್ನೋಕೂ ಅದೇ."

ಅವರ ಹೆಂಡತಿ ಕುಳ್ಳಗೆ, ಚುರುಕಾಗಿ, ನನ್ನ ಜಾತಿಯವರೇ. ಕೌಂಟರಿನ ಜಾತಿ ಅಂತ ಹೇಳಿದೆ. ಗಂಡನಿಗೆ ಏನು ಕೇಳಿದರೂ ಉತ್ತರ ಇವರದ್ದೇ. "ಅವರಿಗೆ ಇದು ಇಷ್ಟ ಇಲ್ಲ ಮೇಡಂ", "ಅವರಿಗೆ ನಿದ್ದೆ ಬಂದಿಲ್ಲ ಮೇಡಂ". ಪ್ರೀತಿಯಿಂದಲೇ. ಗಂಡನಿಗೆ ಮುಜುಗರ ಆಗಬಾರದು ಅಂತಲೇ. ನನಗೆ ಕನ್ನಡಿ ನೋಡಿಕೊಂಡ ಹಾಗಾಗುತ್ತಿತ್ತು.

ಒಂದು ದಿನ ಟೈಲರ್ ಅವರ ತಮ್ಮ ಬಂದರು. ಕೆಟ್ಟವರಲ್ಲ, ಅಣ್ಣನ ಆಸ್ಪತ್ರೆ ಓಡಾಟವೆಲ್ಲ ಅವರದ್ದೇ. ನಾನು ಗಾಲಿಕುರ್ಚಿ ತಳ್ಳಿಕೊಂಡು ಕಾರಿಡಾರಿಗೆ ಬಂದಿದ್ದೆ. ಅವರು ಅಣ್ಣನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ಅಣ್ಣಾ, ಅಂಗಡಿ ಬಿಟ್ಟುಕೊಟ್ಟುಬಿಡೋಣ. ಬೀಗ ಹಾಕಿಟ್ಟು ಏನು ಮಾಡೋದು? ಮೆಷಿನ್ನೂ ಒಬ್ಬರು ಕೇಳ್ತಿದ್ದಾರೆ. ಒಪ್ಪಿಗೆ ತಾನೆ?" ಅಂದರು.

"ಆಯ್ತು."

"ನೋಡಿ ಅತ್ತಿಗೆ, ಅಣ್ಣನೇ ಒಪ್ಪಿದ್ರು."

"ಆಯ್ತು. ಆಯ್ತು. ಆಯ್ತು!" ಕತ್ತಿನ ನರ ಉಬ್ಬಿತ್ತು. ಎಡಗೈ ಗಾಲಿಯ ಅಂಚನ್ನು ಹಿಡಿದ ಹಿಡಿತಕ್ಕೆ ಕುರ್ಚಿ ಮುಂದಕ್ಕೆ ಹೋಗಲೊಲ್ಲದು. ಅಣ್ಣನ ಹೆಗಲು ತಟ್ಟಿ ತಮ್ಮ, "ಬೇಜಾರು ಮಾಡ್ಕೋಬೇಡಿ ಅಣ್ಣಾ," ಅಂದು ಎದ್ದರು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಅವರಿಬ್ಬರಿಗೂ ಕಂಡದ್ದು ದುಃಖ. ನನಗೆ ಕಂಡದ್ದು ಸಿಟ್ಟು.

ಅಲ್ಲೇ ಹೇಳಿಬಿಡುವ ಆಸೆ ನಾಲಿಗೆಯ ತುದಿಗೆ ಬಂತು. ಆದರೆ ನಾನು ಹೇಳಿದರೂ ಅದು ನನ್ನ ಊಹೆಯೇ ತಾನೆ? ಅವರ ಬಾಯಿಗೆ ಇನ್ನೊಬ್ಬರು ಮಾತು ತುರುಕಿದ ಹಾಗೆ. ಬಾಯಿ ಬಿಗಿ ಹಿಡಿದು ಮೇಡಂ ಹತ್ತಿರ ಹೋದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಆ ಪದಾನ ಒಪ್ಪಿಗೆ ಅಂತ ತಗೊಂಡ್ರಾ?" ಅಂದವರೇ ಹೊರಗೆ ಹೋಗಿ ತಮ್ಮನನ್ನು ತಡೆದು, ಮುಂದಿನ ಸಲ ಮೂವರೂ ಬನ್ನಿ, ಅಲ್ಲಿಯವರೆಗೆ ಏನನ್ನೂ ತೀರ್ಮಾನ ಮಾಡಬೇಡಿ ಅಂದರು. ಅಂಗಡಿಯ, ಮನೆಯವರ ಫೋಟೋ ತರಲು ಹೆಂಡತಿಗೆ ಹೇಳಿದರು.

ಮೂವರೂ ಬಂದ ದಿನ ನಾನು ಫ್ಯಾನ್ ಆರಿಸಿ ಮೂಲೆಯಲ್ಲಿ ಕೂತೆ. ಮೇಡಂ ಎರಡು ಕಾಗದ ಇಟ್ಟರು, ಒಂದರಲ್ಲಿ ಸರಿ ಗುರುತು, ಇನ್ನೊಂದರಲ್ಲಿ ತಪ್ಪು ಗುರುತು. "ಅಂಗಡಿ ಮುಚ್ಚೋದಾ?" ಟೈಲರ್ ಎಡಗೈಯಿಂದ ತಪ್ಪಿನ ಮೇಲೆ ಗುದ್ದಿದರು. ಅವರ ತಮ್ಮ ಮುಖ ಎತ್ತಿ ನೋಡಿದರು. ಮೇಡಂ ಅಷ್ಟಕ್ಕೆ ಬಿಡಲಿಲ್ಲ. ಹೌದು-ಇಲ್ಲ ಕೂಡ ಇವರಿಗೆ ಅದಲು ಬದಲಾಗಬಹುದು ಅಂತ ಬೇರೆ ಮಾತುಗಳನ್ನು ಆಡಿ, ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಿದರು. "ಅಂಗಡಿ ನಡೀಬೇಕಾ?" ಈ ಸಲ ಸರಿಯ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ.

"ಆದರೆ ರೀ, ಆ ಕೈಯಲ್ಲಿ ನೀವು ಹೇಗೆ ಹೊಲೀತೀರಿ?" ಹೆಂಡತಿ ಕೇಳಿ, ಮೇಡಂ ಕಡೆ ತಿರುಗಿದರು. "ಅವರಿಗೆ ಇನ್ನೂ ವಾಸಿಯಾಗಿ ಮೆಷಿನ್ ಮುಂದೆ ಕೂರ್ತೀನಿ ಅನ್ನೋ ಆಸೆ ಮೇಡಂ."

ಟೈಲರ್ ಇಲ್ಲ ಅನ್ನುವಂತೆ ತಲೆ ಅಲ್ಲಾಡಿಸಿದರು. ಮೆಷಿನ್ನಿನ ಫೋಟೋ ಎತ್ತಿ ಹೆಂಡತಿಯ ಮುಂದೆ ಇಟ್ಟರು.

"ಒರೆಸಿಡಬೇಕಾ? ಎಣ್ಣೆ ಹಾಕಬೇಕಾ?" ತಮ್ಮ ಕೇಳಿದರು.

ಮತ್ತೆ ಫೋಟೋ ಎತ್ತಿ, ಹೆಂಡತಿಯ ಕೈ ಮೇಲೇ ಇಟ್ಟರು.

"ಯಾರಿಗಾದರೂ ಕೊಡಬೇಕಾ? ನಮ್ಮ..." ಅಂತ ಹೆಂಡತಿ ಶುರು ಮಾಡಿದಾಗ ಮೇಡಂ ಮೆಲ್ಲಗೆ, "ಅಮ್ಮಾ, ಸ್ವಲ್ಪ ತಡೀರಿ. ಅವರಿಗೆ ಹೊತ್ತು ಬೇಕು," ಅಂದರು.

ಮರೀ, ಆ ಹೊತ್ತು ಎಷ್ಟು ಉದ್ದ ಇತ್ತು ಅಂತ ಹೇಗೆ ಬರೆಯಲಿ. ಹೊರಗೆ ಟ್ರಾಲಿ ಹೋದದ್ದು, ಯಾರೋ ಕೆಮ್ಮಿದ್ದು, ಎಲ್ಲ ಕೇಳುತ್ತಿತ್ತು. ಟೈಲರ್ ಕನ್ನಡಿಯಲ್ಲಿ ತಮ್ಮ ಬಾಯನ್ನೇ ನೋಡಿಕೊಂಡು ತುಟಿ ಕೂಡಿಸುತ್ತಿದ್ದರು, ಬಿಡುತ್ತಿದ್ದರು. ನನಗೆ ಉತ್ತರ ಗೊತ್ತಾಗಿಹೋಗಿತ್ತು. ಅಂಗೈಯಲ್ಲಿ ಉಗುರು ಊರಿಕೊಂಡು ಕೂತಿದ್ದೆ.

"ನೀ..." ಅಂದರು. ನಿಂತರು. ಬೆವರು ಹರಿಯಿತು. "ನೀ... ನು."

ಹೆಂಡತಿ ಆ ಫೋಟೋ ಎತ್ತಿಕೊಂಡರು. ಆಮೇಲೆ ನಗುತ್ತಾ ಅಳುತ್ತಾ, "ಇಷ್ಟು ವರ್ಷ ಮನೇಲಿ ಕಾಜಾ ಗುಂಡಿ ಹಾಕಿಸಿಕೊಂಡ್ರಿ, ಆ ಮೆಷಿನ್ ಮಾತ್ರ ಮುಟ್ಟೋಕೆ ಬಿಡಲಿಲ್ಲ, ದಾರ ಕೀಳ್ತೀಯಾ ಅಂತ ಬೈತಿದ್ರಿ," ಅಂದರು. ಟೈಲರ್ ನಾಚಿಕೊಂಡು "ಆಯ್ತು" ಅಂದರು. ಅದರ ಅರ್ಥ ಮಾತ್ರ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು.

ತಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. "ನಾನು ಮಾತು ಕೊಟ್ಟು ಬಂದಿದ್ದೀನಿ, ಅವರಿಗೆ ಏನು ಹೇಳಲಿ?" ಅಂತ ಗೊಣಗಿದರು. ಹೇಳಿದರು ಅಂತ ಕಾಣುತ್ತದೆ, ಅಂಗಡಿ ಈಗ ತೆರೆದಿದೆ. ನಾನೂ ಹೋಗಿದ್ದೆ. ಹೊಸ ಬಟ್ಟೆ ಹೊಲಿಯುವಷ್ಟು ಹೆಂಡತಿಯ ಕೈ ಇನ್ನೂ ಕೂತಿಲ್ಲ. ಬಿಗಿ ಮಾಡುವುದು, ಸಡಿಲ ಮಾಡುವುದು, ಅಂಚು ಮಡಿಚುವುದು, ಅಷ್ಟೇ. ನನ್ನ ಕುಪ್ಪಸದ ಒಂದು ತೋಳು ಚೂರು ಉದ್ದ ಬಂದಿದೆ, ಹಾಕಿಕೊಳ್ಳುತ್ತಿದ್ದೇನೆ. ಗಂಡ ಪಕ್ಕದಲ್ಲಿ ಕೂತು ಹೊಲಿಗೆ ತಪ್ಪಿದ ಕಡೆ ಬೆರಳಿಡುತ್ತಾರೆ. ಮಾತು ಹೆಚ್ಚೇನೂ ಬಂದಿಲ್ಲ. ಬರುತ್ತದೆ ಅಂತ ಮೇಡಂ ಆಣೆ ಇಡುವುದೂ ಇಲ್ಲ, ಪ್ರಯತ್ನ ಬಿಡುವುದೂ ಇಲ್ಲ. ಅವರಿಂದ ನಾನು ಕಲಿಯಬೇಕಾದ್ದು ಬೆಟ್ಟದಷ್ಟಿದೆ.

ಇದನ್ನೇ ಅರ್ಜಿಯಲ್ಲಿ ಬರೆದೆ, ಹೆಸರು ಹೇಳದೆ, ಟೈಲರ್ ದಂಪತಿಯನ್ನು ಕೇಳಿಯೇ. ನಿಮ್ಮಪ್ಪ ಓದಿ, "ಕಣ್ಣೀರು ಜಾಸ್ತಿಯಾಯ್ತು, ಒರೆಸು," ಅಂದರು, ಒರೆಸಿದೆ. ಸಂದರ್ಶನದಲ್ಲಿ ಏನು ಕಲಿತಿರಿ ಅಂತ ಕೇಳಿದರು. "ಉತ್ತರ ಗೊತ್ತಿದ್ದಾಗ ಬಾಯಿ ಮುಚ್ಚಿಕೊಂಡು ಕೂರೋದು, ಅದೂ ಅರ್ಧಂಬರ್ಧ," ಅಂದೆ. ನಕ್ಕರು. ನಗು ನೋಡಿ ಧೈರ್ಯ ಬಂತು.

ಕಾಲೇಜಿಗೆ ನೀನು ನನಗಿಂತ ಹಿರಿಯಳು ಈಗ. ನೋಟ್ಸ್ ಬರೆಯುವುದು ಹೇಗೆ ಅಂತ ಹೇಳಿಕೊಡಬೇಕು, ಬೈಯಬಾರದು. ಪರೀಕ್ಷೆ ಚೆನ್ನಾಗಿ ಬರೆ. ಹೊತ್ತಿಗೆ ಸರಿಯಾಗಿ ತಿನ್ನು. ನೀನು ಎಲ್ಲಿ ಇದ್ದರೂ ನಿನ್ನ ಮಾತಿಗೆ ಕಿವಿಗೊಡುವವರು ಇರಲಿ, ನಿನಗೂ ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ಬರಲಿ. ನಿನ್ನ ತಲೆಯ ಮೇಲೆ ನನ್ನ ಎರಡೂ ಕೈ ಇದೆ ಅಂದುಕೋ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಸಂದರ್ಶನದ ಕೊನೆಗೆ ಒಬ್ಬರು, "ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾತಿನ ತೊಂದರೆ ಇತ್ತಾ?" ಅಂತ ಕೇಳಿದರು. ಇಲ್ಲ ಅಂದೆ. ಇತ್ತು. ನಿನಗಿಂತ ಮೊದಲು ಹುಟ್ಟಿದ ನಿಮ್ಮಣ್ಣ ಜ್ವರದಲ್ಲಿ ಹೋದ ಅಂತ ನಿನಗೆ ಗೊತ್ತು. ಅವನಿಗೆ ಮಾತು ಬಂದೇ ಇರಲಿಲ್ಲ ಅನ್ನುವುದು ಗೊತ್ತಿಲ್ಲ. ನಾನೂ ನಿಮ್ಮಪ್ಪನೂ ನಮ್ಮನಮ್ಮಲ್ಲೇ ಅದನ್ನು ಆಡಿದವರಲ್ಲ. ನಾಲ್ಕು ತುಂಬಿತ್ತು. ಕೆಲವು ಮಕ್ಕಳಿಗೆ ತಡ, ಬರುತ್ತೆ ಅಂತ ಎಲ್ಲರೂ ಹೇಳುತ್ತಿದ್ದರು, ತೋರಿಸಲು ಆಗ ಇಂಥ ಕೋಣೆ ಯಾವುದೂ ಹತ್ತಿರದಲ್ಲಿರಲಿಲ್ಲ. ಏನಾದರೂ ಬೇಕಾದರೆ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ. ಆ ಜ್ವರದಲ್ಲಿ ಎಲ್ಲಿ ನೋವು ಕಂದಾ, ಎಲ್ಲಿ ಅಂತ ನಾನು ಕೇಳುತ್ತಲೇ ಇದ್ದೆ, ಡಾಕ್ಟರೂ ಕೇಳಿದರು. ಸುಡುವ ಕೈಯಿಂದ ನನ್ನ ಗಲ್ಲ ಹಿಡಿದು ತಿರುಗಿಸಿ ನೆಟ್ಟ ಕಣ್ಣಿನಿಂದ ನೋಡಿದ, ಎಲ್ಲ ಹೇಳಿಯಾಯಿತು ಅನ್ನುವ ಹಾಗೆ. ಏನು ಹೇಳಿದ ಅಂತ ನನಗೆ ಇವತ್ತಿಗೂ ತಿಳಿದಿಲ್ಲ ಮರೀ.