ಅಲುಗಾಡುವ ಚಪ್ಪಡಿಯನ್ನು ಹಿಂದಕ್ಕೆ ಕೊಡಿ

ಬೀದಿ ರಿಪೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನೀವು ನಮ್ಮ ಬೀದಿಯನ್ನು ಚೆಂದ ಮಾಡಿದಿರಿ, ನಾನು ದಾರಿ ತಪ್ಪಿದೆ. ದೂರು ಇಷ್ಟೇ. ಹಳ್ಳಿ ಶಾಲೆಯಲ್ಲಿ ನಾನು ಕಲಿತದ್ದು ನಾಲ್ಕಕ್ಷರ. ತಪ್ಪಿದ್ದರೆ ತಿದ್ದಿಕೊಳ್ಳಿ, ತಿದ್ದುವುದರಲ್ಲಿ ನಿಮ್ಮ ಕಚೇರಿ ಎತ್ತಿದ ಕೈ.

ನನ್ನ ತಂಗಿಯ ಮನೆ ಪಕ್ಕದ ಬೀದಿಯಲ್ಲಿದೆ. ಲಕ್ವ ಹೊಡೆದು ಅವಳು ಹಾಸಿಗೆ ಹಿಡಿದ ಮೇಲೆ ದಿನಾ ಬೆಳಿಗ್ಗೆ ಹೋಗಿ ತಲೆ ಬಾಚಿ ಜಡೆ ಹಾಕುವುದು ನನ್ನ ಕೆಲಸ. ಬೇರೆಯವರು ಬಾಚಲು ಬಂದರೆ ಮುಖ ತಿರುಗಿಸುತ್ತಾಳೆ. ವಯಸ್ಸಾದ ಮೇಲೆ ಕಣ್ಣಷ್ಟೇ ಮಂಜಾಗುವುದಿಲ್ಲ ಸ್ವಾಮಿ, ಎಲ್ಲಿದ್ದೇನೆ ಎಂಬ ಅಂದಾಜೂ ಸಡಿಲವಾಗುತ್ತದೆ. ಮೊದಲೆಲ್ಲ ಹರಟುತ್ತಾ ನಡೆದರೂ ಮನೆ ತಾನಾಗಿ ಬರುತ್ತಿತ್ತು. ಈಗ ಯಾರಾದರೂ ಮಾತಾಡಿಸಿದರೆ ಎಷ್ಟು ದೂರ ಬಂದೆ ಎಂಬುದೇ ಹಾರಿಹೋಗುತ್ತದೆ. "ಹಳೇ ದಾರಿ ನೆನಪಿರತ್ತೆ ಅಜ್ಜಿ, ಹೊಸದು ತಲೆಗೆ ಹತ್ತೋದು ಕಷ್ಟ" ಅಂದರು ಡಾಕ್ಟರಮ್ಮ. ನನ್ನ ಹಳೆಯ ದಾರಿಗಿದ್ದದ್ದು ಒಂದೇ ಗುರುತು, ತಿರುವಿನ ಚರಂಡಿಯ ಮೇಲಿನ ಅಲುಗಾಡುವ ಚಪ್ಪಡಿ. ಕಾಲಿಟ್ಟರೆ ಗಡಕ್ ಎನ್ನುತ್ತಿತ್ತು. ಬಲಕ್ಕೆ ತಿರುಗುತ್ತಿದ್ದೆ.

ನೀವು ಅದನ್ನು ಕಿತ್ತು ಉದ್ದಕ್ಕೂ ಒಂದೇ ನಮೂನೆಯ ಟೈಲ್ಸ್ ಹಾಸಿದಿರಿ, ಗೇಟುಗಳಿಗೆಲ್ಲ ಒಂದೇ ಹಸಿರು ಬಳಿಸಿದಿರಿ. ಗಡಕ್ ಎನ್ನಲಿ ಎಂದು ಕಾಯುತ್ತಾ ನಡೆದೇ ನಡೆದೆ. ಕೊನೆಗೆ ಯಾವುದೋ ಗೇಟು ತೆಗೆದು, ಚಪ್ಪಲಿ ಬಿಟ್ಟು, ಬಾಚಣಿಗೆ ಹಿಡಿದು ಒಳಗೆ ಹೋದೆ.

"ಎದ್ಯೇನೇ ಸೋಮಾರಿ?"

ಮುಖಕ್ಕೆಲ್ಲ ಸೋಪಿನ ನೊರೆ ಬಳಿದುಕೊಂಡ ಗಂಡಸೊಬ್ಬ ಬಂದ. "ಯಾರಜ್ಜಿ ನೀವು?"

"ನಾನ್ಯಾರು ಅನ್ನೋದಿರ್ಲಿ, ನನ್ ತಂಗಿ ಮನೇಲಿ ನೀನ್ಯಾಕೋ ಗಡ್ಡ ಕೆರ್ಕೊಳ್ತಿದೀಯ?"

ಪುಣ್ಯಾತ್ಮ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಕೈ ಹಿಡಿದು ಮನೆಗೆ ಬಿಟ್ಟ. ಅಂದಿನಿಂದ ಮಗಳು ಬಾಗಿಲಿಗೆ ಬೀಗ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾಳೆ. "ಆ ಕಲ್ಲು ವಾಪಸ್ ಬರ್ಲಿ ಅಮ್ಮ, ಆಮೇಲೆ ನೋಡೋಣ" ಅನ್ನುತ್ತಾಳೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾಲು ಜೋಮು ಹಿಡಿದ ಹಾಗೆ ಮನಸ್ಸೂ ಜೋಮು ಹಿಡಿದಿದೆ. ಅತ್ತ ತಂಗಿಯ ಕೂದಲು ಗಂಟುಗಂಟಾಗಿದೆಯಂತೆ. ಭಾನುವಾರ ಕತ್ತರಿಸಿಬಿಡುತ್ತಾರಂತೆ.

ಬೀದಿ ಚೆಂದವಾಗಿಯೇ ಇರಲಿ. ಕಾರಿನಲ್ಲಿ ಹೋಗುವಾಗ ನಿಮ್ಮ ಕಣ್ಣು ತಂಪಾಗದೆ ಇರಬೇಕೇ? ಆ ತಿರುವಿನಲ್ಲಿ ಮಾತ್ರ ಒಂದು ಚಪ್ಪಡಿ ಹಾಕಿಸಿ. ಗಟ್ಟಿಯಾಗಿ ಕೂರಿಸಬೇಡಿ, ಅಲುಗಾಡಬೇಕು. ಕೆಲಸ ಕೆಟ್ಟದಾಗಿ ಮಾಡಿಕೊಡಿ ಎಂದು ಘನ ಕಚೇರಿಯನ್ನು ಬೇಡಿಕೊಂಡವಳು ನಾನೇ ಮೊದಲಿರಬೇಕು. ನಿಮಗದು ಕಷ್ಟವಾಗಲಾರದು. ಭಾನುವಾರದ ಒಳಗೆ ಹಾಕಿಸಿ.

ಇಂತಿ,
ಬಾಚಣಿಗೆ ಹಿಡಿದು ಬೀಗದೊಳಗೆ ಕೂತಿರುವ ಅಕ್ಕ